ಏಳದ ಹೊಗೆ

ಹೋದ ವಾರ ನಮ್ಮ ಗೇಟಿನ ಒಳಗೆ ಯಾರೋ ಒಂದು ಗೊಬ್ಬರದ ಚೀಲ ಇಟ್ಟು ಹೋಗಿದ್ದರು. ಹಳೆಯ ಅಕ್ಕಿ ಚೀಲ, ಅದರ ಬಾಯಿಗೆ ಸೀರೆಯ ಅಂಚು ಹರಿದು ಹಾಕಿದ ಗಂಟು. ಗಂಟು ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ಎಷ್ಟು ಎಳೆದರೂ ಬಿಗಿಯುತ್ತಲೇ ಹೋಗುವ, ಆದರೆ ಸರಿಯಾದ ತುದಿ ಹಿಡಿದು ಒಮ್ಮೆ ಜಗ್ಗಿದರೆ ಪೂರಾ ಬಿಚ್ಚಿಕೊಳ್ಳುವ ಆ ಗಂಟನ್ನು ಹಾಕುವವರು ನಮ್ಮ ಬಡಾವಣೆಯಲ್ಲಿ ಒಬ್ಬರೇ. ನನಗೆ ಅದನ್ನು ಮೂರು ಸಲ ಹೇಳಿಕೊಟ್ಟಿದ್ದರು. ಮೂರು ಸಲವೂ ನನಗೆ ಬರಲಿಲ್ಲ.

ಪಾರ್ಕಿನಲ್ಲಿ ವಿಚಾರಿಸಿದೆ. ತಿಂಗಳ ಕೊನೆಗೆ ಅವರು ರಿಟೈರ್ ಆದರಂತೆ. ಯಾರಿಗೂ ಮೊದಲೇ ಹೇಳಿರಲಿಲ್ಲ. ಕೊನೆಯ ದಿನವೂ ಮಧ್ಯಾಹ್ನದವರೆಗೆ ಎಲೆ ತಿರುವಿ ಹಾಕಿ, ಕೈಕಾಲು ತೊಳೆದುಕೊಂಡು, ಉತ್ತರಹಳ್ಳಿಯ ಬಸ್ಸು ಹತ್ತಿ ಹೋಗಿಬಿಟ್ಟಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ, “ನಿಮ್ಮ ಬಗ್ಗೆ ಏನಾದರೂ ಬರೀಲಾ?” ಎಂದು ಕೇಳಿದ್ದೆ. “ಬರ್ಕೊಳ್ಳಿ ಮೇಡಂ, ಹೆಸ್ರು ಮಾತ್ರ ಬೇಡ. ಹೆಸ್ರು ಬರೆದ್ರೆ ಯಾರಾದ್ರೂ ಸನ್ಮಾನಕ್ಕೆ ಕರೀತಾರೆ. ಆ ಶಾಲು ಹೊದ್ಕೊಂಡು ಫ್ಯಾನಿಲ್ದೇ ಇರೋ ಕಡೆ ಕೂತು ಬೆವರೋಕೆ ನನ್ ಕೈಲಾಗಲ್ಲ” ಎಂದಿದ್ದರು. ಶಾಲಿನ ಸುಖವನ್ನು ಎರಡು ಮೂರು ಸಲ ಅನುಭವಿಸಿದ ನನಗೆ ಆ ಮಾತು ಸರಿ ಎನಿಸಿತ್ತು.

ನಾನು ಮೂವತ್ತು ಚಿಲ್ಲರೆ ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳು. ನಿವೃತ್ತಿಯ ಮೇಲೆ ನನ್ನಲ್ಲಿ ಉಳಿದದ್ದು ಎರಡು: ಮಂಡಿನೋವು ಮತ್ತು ಕುತೂಹಲ. ಎರಡಕ್ಕೂ ದಿನಾ ಒಂದು ಗಂಟೆ ವಾಕಿಂಗ್ ಬೇಕು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಹಾಗೆ ಜಯನಗರದ ನಮ್ಮ ಪಾರ್ಕಿಗೆ ಹೋಗಲು ಶುರು ಮಾಡಿದ ಮೊದಲ ವಾರದಲ್ಲೇ ಅವರು ಕಣ್ಣಿಗೆ ಬಿದ್ದರು. ಪಾರ್ಕಿನ ಹಿಂದಿನ ಮೂಲೆಯಲ್ಲಿ ಒಂದು ಬೆಟ್ಟದ ನೆಲ್ಲಿಯ ಮರ. ಅದರ ಪಕ್ಕದಲ್ಲಿ ಎದೆಯೆತ್ತರದ ನಾಲ್ಕು ಇಟ್ಟಿಗೆ ತೊಟ್ಟಿಗಳು. ಪಾಲಿಕೆಯ ಕೋಟು ತೊಟ್ಟ ಒಬ್ಬ ಹೆಂಗಸು ಒಂದು ತೊಟ್ಟಿಯೊಳಗೆ ಬಲಗೈಯನ್ನು ಭುಜದವರೆಗೆ ಇಳಿಸಿ, ಕಣ್ಣು ಮುಚ್ಚಿ ನಿಂತಿದ್ದರು. ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದುಕೊಂಡೆ.

“ಏನಮ್ಮ, ಏನು ಬಿತ್ತು?” ಎಂದೆ.

“ಏನೂ ಬಿದ್ದಿಲ್ಲ. ಜ್ವರ ನೋಡ್ತಾ ಇದೀನಿ.”

ಎಲೆಯ ರಾಶಿಗೆ ಜ್ವರ ಬರಬೇಕಂತೆ. ಬರದಿದ್ದರೆ ಗೊಬ್ಬರವಾಗುವುದಿಲ್ಲ, ಹೆಚ್ಚಾದರೆ ಒಳಗಿನ ಹುಳುಗಳಿಗೆ ಕಷ್ಟ. “ಇದು ಈಗ ಸ್ನಾನದ ನೀರಿನಷ್ಟು ಬಿಸಿ ಇದೆ. ನಾಳೆ ತಿರುವಿ ಹಾಕ್ಬೇಕು. ನೀವೂ ಕೈ ಹಾಕಿ ನೋಡಿ” ಎಂದರು. ಪ್ರಯೋಗಾಲಯದಲ್ಲಿ ಆ್ಯಸಿಡ್ಡಿಗೆ ಹೆದರದ ನಾನು ಆ ಎಲೆಗೆ ಕೈ ಹಾಕಲು ಎರಡು ದಿನ ತೆಗೆದುಕೊಂಡೆ. ಆಮೇಲೆ ಥರ್ಮಾಮೀಟರ್ ತಂದು ಅಳೆದೆ. ಅವರು ಮೊದಲೇ ಕೈಯಿಂದ ಅಂದಾಜು ಹೇಳುವರು, ನಂತರ ನಾನು ಅಳೆಯುವೆ. ಇದು ನಮ್ಮ ಬೆಳಗಿನ ಆಟವಾಯಿತು. ನನ್ನ ಥರ್ಮಾಮೀಟರ್ ಅವರನ್ನು ಒಂದು ದಿನವೂ ಸೋಲಿಸಲಿಲ್ಲ.

ಆ ತೊಟ್ಟಿಗಳನ್ನು ಅವರು ‘ಗೂಡು’ ಎನ್ನುತ್ತಿದ್ದರು. ಎದುರಿಗೆ ನೆಟ್ಟ ಹಸಿರು ಬೋರ್ಡಿನ ಮೇಲೆ ‘ಹವಾಮಾನ ಕ್ರಿಯಾ ಯೋಜನೆ, ಎಲೆ ಗೊಬ್ಬರ ಘಟಕ’ ಎಂದಿತ್ತು. ಆ ಬೋರ್ಡಿನ ಕಂಬಕ್ಕೆ ಅವರು ತಮ್ಮ ಊಟದ ಚೀಲ ನೇತು ಹಾಕುತ್ತಿದ್ದರು. ಗೂಡಿನ ಗೋಡೆಗಳನ್ನು ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ್ದರು. ಕಿಂಡಿ ಯಾಕೆ ಗೊತ್ತಾ ಎಂದು ನಾನು ಪಾಠಕ್ಕೆ ನಿಂತೆ. ಆಮ್ಲಜನಕ, ಸೂಕ್ಷ್ಮಾಣು, ಉಷ್ಣ ಎಲ್ಲವನ್ನೂ ವಿವರಿಸಿದೆ. ಸಲಿಕೆಯ ಮೇಲೆ ಗದ್ದವಿಟ್ಟು ಪೂರ್ತಿ ಕೇಳಿದರು. “ಹೌದು ಮೇಡಂ, ಉಸಿರಾಡ್ಬೇಕು ಅದು” ಎಂದರು. ನನ್ನ ನಲವತ್ತು ನಿಮಿಷದ ಪಾಠ ಅವರ ಬಾಯಲ್ಲಿ ಎರಡು ಮಾತಿಗೆ ಇಳಿಯಿತು.

ಅವರಿಗೆ ಎಲೆಗಳ ಪರಿಚಯ ಹೇಗಿತ್ತೆಂದರೆ, ಚೀಲ ಸುರಿದ ಕೂಡಲೇ ಯಾವ ರಸ್ತೆಯದೆಂದು ಹೇಳುತ್ತಿದ್ದರು. ಹೊಂಗೆ ಹೆಚ್ಚಿದ್ದರೆ ದೇವಸ್ಥಾನದ ರಸ್ತೆ. ಮಳೆಮರದ ಪುಡಿ ಎಲೆಯಿದ್ದರೆ ಸ್ಕೂಲಿನ ಹಿಂದಿನದು. ಹಲಸಿನ ಎಲೆ ಕಂಡರೆ ಮುಖ ಗಂಟಿಕ್ಕುತ್ತಿದ್ದರು. “ಇದು ಸರ್ಕಾರಿ ಫೈಲ್ ಇದ್ದಂಗೆ ಮೇಡಂ. ಎಷ್ಟು ತಿಂಗ್ಳಾದ್ರೂ ಇದ್ದಲ್ಲೇ ಇರತ್ತೆ.” ಎಲೆ ಬೇಗ ಕೊಳೆಯಲು ಹುಳಿ ಮಜ್ಜಿಗೆ ಬೇಕಿತ್ತು. ಬಡಾವಣೆಯ ಅಡುಗೆಮನೆಗಳಲ್ಲಿ ಉಳಿದ ಹುಳಿ ಮೊಸರೆಲ್ಲ ಅವರ ಕ್ಯಾನಿಗೆ ಬರುತ್ತಿತ್ತು. ನಮ್ಮ ಮನೆಯದನ್ನು ಮೂಸಿ, “ನಿಮ್ಮನೇಲಿ ಯಾರೂ ಮಜ್ಜಿಗೆ ಕುಡಿಯಲ್ವಾ, ವಾರದ್ದು ಇದೆ” ಎಂದು ನನ್ನ ಸಂಸಾರದ ಗುಟ್ಟನ್ನೇ ಹೇಳಿಬಿಟ್ಟಿದ್ದರು.

ಅವರ ಜಗಳ ಇದ್ದದ್ದು ಹಾಲಿನ ಪ್ಯಾಕೆಟ್ಟಿನ ಮೂಲೆಯ ಜೊತೆ. ನಾವೆಲ್ಲ ಹಾಲು ಸುರಿಯಲು ಪ್ಯಾಕೆಟ್ಟಿನ ಒಂದು ಮೂಲೆ ಕತ್ತರಿಸುತ್ತೇವಲ್ಲ, ಉಗುರಿನಷ್ಟು ತುಂಡು. ಅದು ಎಲ್ಲೋ ಹಾರಿ, ಎಲೆಯ ಜೊತೆ ಗುಡಿಸಿಕೊಂಡು ಗೂಡಿಗೆ ಬರುತ್ತಿತ್ತು. ಅದನ್ನು ಒಂದೊಂದಾಗಿ ಆರಿಸಿ ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿಡುತ್ತಿದ್ದರು. ವಾರ್ಡಿನ ಸಭೆಯೊಂದಕ್ಕೆ ಆ ಜಾಡಿ ತಂದು ಮೇಜಿನ ಮೇಲೆ ಇಟ್ಟರು. “ಮೂಲೆ ಪೂರ್ತಿ ಕತ್ತರಿಸ್ಬೇಡಿ. ಸ್ವಲ್ಪ ಅಂಟಿಕೊಂಡಿರ್ಲಿ. ಅಷ್ಟೇ ನನ್ ಭಾಷಣ” ಎಂದು ಕೂತರು. ಆ ಸಭೆಯಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ನಾನೂ ಮಾತಾಡಿದ್ದೆ. ನಾನೇನು ಹೇಳಿದೆ ಎಂಬುದು ನನಗೇ ನೆನಪಿಲ್ಲ. ಹಾಲಿನ ಪ್ಯಾಕೆಟ್ಟನ್ನು ಮಾತ್ರ ಅಂದಿನಿಂದ ಹಾಗೇ ಕತ್ತರಿಸುತ್ತೇನೆ.

ಪಾಲಿಕೆಯ ಹವಾಮಾನ ವಿಭಾಗದಿಂದ ಒಬ್ಬಳು ಹುಡುಗಿ ತಿಂಗಳಿಗೊಮ್ಮೆ ಬರುತ್ತಿದ್ದಳು. ಚುರುಕಿನವಳು, ಕೈಯಲ್ಲೊಂದು ಟ್ಯಾಬ್. ಎಲೆಯ ಚೀಲಗಳನ್ನು ತೂಕ ಹಾಕಿ ಬರೆದುಕೊಳ್ಳುವಳು. ಒಂದು ದಿನ ಇವರು ಅವಳನ್ನು ಕೇಳಿದರು, ಇಷ್ಟೆಲ್ಲ ತೂಕ ಹಾಕಿ ಏನು ಮಾಡ್ತೀಯಮ್ಮ ಎಂದು.

“ಇದರಿಂದ ಎಷ್ಟು ಹೊಗೆ ಕಮ್ಮಿ ಆಯ್ತು ಅಂತ ಲೆಕ್ಕ ಹಾಕ್ತೀವಿ ಆಂಟಿ.”

“ಎಲ್ಲಿ ಬಂದಿದೆ ಹೊಗೆ?”

“ಬಂದಿಲ್ಲ. ಈ ಎಲೆ ಸುಟ್ಟಿದ್ರೆ ಬರ್ತಿತ್ತಲ್ಲ, ಅದು.”

ಇವರು ಕೈಯಲ್ಲಿದ್ದ ಎಲೆ ಕೆಳಗಿಟ್ಟರು. “ಏಳ್ದೇ ಇರೋ ಹೊಗೇನ ಹೆಂಗಮ್ಮ ಅಳೀತೀಯ?”

ಹುಡುಗಿ ತಾಳ್ಮೆಯಿಂದ ಹೇಳಿದಳು. ಇಷ್ಟು ಕಿಲೋ ಎಲೆ ಸುಟ್ಟರೆ ಇಷ್ಟು ಹೊಗೆ ಎಂದು ಗೊತ್ತಿರುತ್ತದೆ, ಗುಣಿಸಿದರೆ ಆಯಿತು. ಇವರು ಕೆಳಗಿಟ್ಟ ಎಲೆಯನ್ನು ಎತ್ತಿ ಗೂಡಿಗೆ ಹಾಕಿದರು. ಆಮೇಲೆ, “ಹಂಗಾದ್ರೆ ನಾನು ಹಿಂದೆ ಸುಟ್ಟಿದ್ದನ್ನೂ ಬರ್ಕೊ. ಇಪ್ಪತ್ತು ವರ್ಷ ಸುಟ್ಟಿದೀನಿ. ಅದನ್ನ ಇದರಲ್ಲಿ ಕಳೀಬೇಕಲ್ವಾ?” ಎಂದರು.

“ಅದಕ್ಕೆ ಕಾಲಂ ಇಲ್ಲ ಆಂಟಿ.”

“ಇಲ್ದಿದ್ರೆ ಒಂದು ಹಾಕಿ.”

ಹುಡುಗಿ ನಕ್ಕಳು. ಇವರು ನಗಲಿಲ್ಲ. ಅವಳು ಹೋದ ಮೇಲೆ ನಾನು ಕೆದಕಿದೆ. ಕೆದಕುವುದು ನನ್ನ ಹುಟ್ಟುಗುಣ. ಆಗ ಹೇಳಿದರು: ಮೊದಲು ಗುಡಿಸಿದ ಎಲೆಯನ್ನೆಲ್ಲ ರಸ್ತೆಯ ಮೂಲೆಯಲ್ಲೇ ಸುಡುತ್ತಿದ್ದರಂತೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ಗಾಡಿ ಬರುತ್ತಿರಲಿಲ್ಲ. ಒಂದು ಮನೆಯ ನೆಲಮಹಡಿಯಲ್ಲಿ ಮೂಗಿಗೆ ಆಕ್ಸಿಜನ್ ಪೈಪು ಹಾಕಿಕೊಂಡ ವಯಸ್ಸಾದವರೊಬ್ಬರಿದ್ದರು. ಇವರು ಬೆಂಕಿ ಹಚ್ಚಿದ ಕೂಡಲೇ ಎದ್ದು ಬಂದು ಕಿಟಕಿ ಮುಚ್ಚಿಕೊಳ್ಳುವರು. ಒಂದು ಮಾತು ಬೈದವರಲ್ಲ. “ಒಂದಿನ ಹೊಗೆ ಸೀದಾ ಒಳಗೆ ಹೋಗ್ತಾ ಇದೆ, ಕಿಟಕಿ ತೆಗೆದೇ ಇದೆ. ಮುಚ್ಚೋಕೆ ಯಾರೂ ಬರ್ಲಿಲ್ಲ. ಹಿಂದಿನ ವಾರ ಹೋಗ್ಬಿಟ್ಟಿದ್ರಂತೆ. ನನ್ನಿಂದಾನೇ ಅಂತ ಯಾರೂ ಹೇಳ್ಲಿಲ್ಲ ಮೇಡಂ. ಅಲ್ಲ ಅಂತಾನೂ ಹೇಳ್ಲಿಲ್ಲ.” ಆವತ್ತಿನಿಂದ ಎಲೆಗೆ ಕಡ್ಡಿ ಗೀರಿಲ್ಲ. ಪಾಲಿಕೆಯ ಗೊಬ್ಬರದ ಯೋಜನೆ ಬಂದಾಗ, ಯಾರೂ ಕೇಳದ ಆ ಕೆಲಸವನ್ನು ಕೇಳಿ ಪಡೆದಿದ್ದರು.

ಇನ್ನು ನೆಲ್ಲಿ ಮರದ ವಿಷಯ. ಕಾರ್ತಿಕ ಮಾಸ ಬಂತೆಂದರೆ ನಮ್ಮ ಬೀದಿಯ ಹೆಂಗಸರಿಗೆಲ್ಲ ಆ ಮರದ ಬುಡವೇ ಬೃಂದಾವನ. ಸೋಮವಾರ ಸಂಜೆ ದೀಪ ಹಚ್ಚಿ, ಪ್ರದಕ್ಷಿಣೆ ಹಾಕಿ, ಅರಿಶಿನ ಕುಂಕುಮ ಹಂಚಿಕೊಂಡು ಮನೆಗೆ ಹೊರಡುತ್ತಿದ್ದೆವು. ಹಚ್ಚಿದ ದೀಪವನ್ನು ಕೈಯಾರೆ ಆರಿಸಬಾರದು, ಅದು ತಾನಾಗಿಯೇ ಶಾಂತವಾಗಬೇಕು. ಹಾಗಾಗಿ ದೀಪಗಳನ್ನು ಉರಿಯಲು ಬಿಟ್ಟೇ ಹೊರಡುತ್ತಿದ್ದೆವು. ಎರಡು ಮಾರು ದೂರದಲ್ಲಿ ನಾಲ್ಕು ಗೂಡು ಒಣಗಿದ ಎಲೆ ಇದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯುತ್ತಿರಲಿಲ್ಲ. ಹೊಳೆಯುತ್ತಿದ್ದುದು ಅವರಿಗೆ. ಕೆಲಸದ ಹೊತ್ತು ಮುಗಿದಿದ್ದರೂ ಕಲ್ಲುಬೆಂಚಿನ ಮೇಲೆ ಕೂತು, ಕೊನೆಯ ದೀಪ ಆರುವವರೆಗೆ ಕಾಯುತ್ತಿದ್ದರು. “ನಾವು ಬುದ್ಧನ್ನ ನಂಬೋರು. ನಿಮ್ಮ ಶಿವನ ದೀಪಕ್ಕೆ ನನ್ ಕಾವಲು ನೋಡಿ” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ಕಾವಲಿಗೆ ಅವರಿಗೆ ಎಷ್ಟು ಬಸ್ಸು ತಪ್ಪುತ್ತಿದ್ದವು ಎಂದು ಮಾತ್ರ ಕೇಳಿರಲಿಲ್ಲ, ಜಗತ್ತಿನ ಉಳಿದದ್ದನ್ನೆಲ್ಲ ಕೇಳುವ ನಾನು.

ಒಂದು ಸೋಮವಾರ ಅವರ ತೀರಿಹೋದ ಅಣ್ಣನ ನೆನಪಿನ ದಿನ. ಉತ್ತರಹಳ್ಳಿಯ ಬುದ್ಧ ವಿಹಾರದಲ್ಲಿ ಸಂಜೆ ವಂದನೆ ಇಟ್ಟುಕೊಂಡಿದ್ದರು. ಬೇಗ ಹೋಗಬೇಕಿತ್ತು. ದೀಪಗಳ ಕಡೆ ನೋಡುತ್ತ ಚಡಪಡಿಸುತ್ತಿದ್ದರು.

“ನಾನಿರ್ತೀನಿ, ನೀನು ಹೋಗಮ್ಮ” ಎಂದೆ. ಆಗೆಲ್ಲ ಅವರನ್ನು ನೀನು ಎನ್ನುತ್ತಿದ್ದೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವರು ಎಂಬುದು ನೆಪ.

“ಕೊನೇ ದೀಪ ಆರೋ ತನಕ ಮೇಡಂ.”

“ಕೊನೇ ದೀಪ ಆರೋ ತನಕ. ನನಗೆ ಹೇಳ್ಕೊಡ್ತೀಯಾ?”

ಅವರು ಹೋದರು, ಉಳಿದ ಹೆಂಗಸರೂ ಹೋದರು. ಮಣ್ಣಿನ ಹಣತೆಗಳೆಲ್ಲ ಒಂದೊಂದಾಗಿ ಆರಿದವು. ನನ್ನದು ಮಾತ್ರ ಉಳಿಯಿತು. ಅದು ನಮ್ಮ ಅಮ್ಮನ ಹಿತ್ತಾಳೆಯ ದೀಪ, ಅಂಗೈಯಗಲದ್ದು, ಬುಡದಲ್ಲಿ ಅಮ್ಮನ ಹೆಸರು ಕೊರೆಸಿದ್ದು. ತುಪ್ಪ ಧಾರಾಳವಾಗಿ ಹಾಕಿದ್ದೆ. ಅಷ್ಟರಲ್ಲಿ ಗಾಳಿ ಎದ್ದಿತು. ದೀಪ ಈಗ ಹೋಗುತ್ತೋ ಆಗ ಹೋಗುತ್ತೋ ಎನ್ನುವಂತೆ ಒದ್ದಾಡತೊಡಗಿತು. ಕಾರ್ತಿಕ ಸೋಮವಾರ, ಅಮ್ಮನ ದೀಪ, ಗಾಳಿಗೆ ಆರುವುದೆಂದರೇನು? ಸುತ್ತ ನೋಡಿದೆ. ಗೂಡಿನ ಗೋಡೆಯಲ್ಲಿ ಸಾಲಾಗಿ ಕಿಂಡಿಗಳಿದ್ದವು. ಹಳೆಯ ಮನೆಗಳಲ್ಲಿ ದೀಪವಿಡಲೆಂದೇ ಬಿಟ್ಟ ಗೂಡಿನ ಹಾಗೆ, ಹೇಳಿ ಮಾಡಿಸಿದಂತೆ. ಒಂದು ಕಿಂಡಿಯಲ್ಲಿ ಇಟ್ಟೆ. ಜ್ವಾಲೆ ನೇರವಾಗಿ ನಿಂತಿತು. ಎಷ್ಟು ಚೆಂದ ಕಾಣುತ್ತದೆ ಎಂದು ಫೋಟೋ ಕೂಡ ತೆಗೆದುಕೊಂಡೆ.

ಆಗಲೇ ಯಜಮಾನರ ಫೋನು. ಮನೆಯ ಬೀಗದ ಕೈ ನನ್ನ ಬಳಿ ಇತ್ತು. ನೆಂಟರು ಬಂದು ಗೇಟಿನಲ್ಲಿ ನಿಂತಿದ್ದರು. ಐದು ನಿಮಿಷದಲ್ಲಿ ಬಂದುಬಿಡುತ್ತೇನೆ ಎಂದುಕೊಂಡು ಹೋದೆ. ಮನೆಯಲ್ಲಿ ಕಾಫಿ ಎಂದರು, ಕೋಡುಬಳೆ ಎಂದರು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಪಾರ್ಕಿನ ಕಡೆ ಹೊಗೆ ಎಂದು ಕೂಗಿದರು.

ಗಾಳಿ ಬರಲಿ ಎಂದು ಬಿಟ್ಟ ಕಿಂಡಿಯಲ್ಲಿ, ಒಣಗಿದ ಎಲೆಗೆ ತಾಗಿಸಿ, ಉರಿಯುವ ದೀಪ ಇಟ್ಟವಳು ರಸಾಯನಶಾಸ್ತ್ರದ ಮೇಡಂ. ದಹನಕ್ಕೆ ಏನೇನು ಬೇಕು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು. ಪಾರ್ಕಿನ ಮಾಲಿ ಗಿಡಕ್ಕೆ ಬಿಡುವ ನೀರಿನ ಪೈಪು ಎಳೆದು ಆರಿಸಿದ. ಎರಡು ಗೂಡು ಪೂರ್ತಿ ಹೋಗಿದ್ದವು. ನೆಲ್ಲಿ ಮರದ ಒಂದು ಪಕ್ಕದ ಎಲೆ ಕಂದಿತ್ತು.

ಬೆಳಿಗ್ಗೆ ಬೇಗ ಹೋಗಿ ಕೊಡೆಯ ತುದಿಯಿಂದ ಬೂದಿಯಲ್ಲಿ ದೀಪ ಹುಡುಕಿದೆ. ಸಿಗಲಿಲ್ಲ. ನಿಜ ಹೇಳುತ್ತೇನೆ, ಸಿಗದೇ ಹೋದದ್ದಕ್ಕೆ ಸಮಾಧಾನವಾಯಿತು. ಅಷ್ಟರಲ್ಲಿ ವಾರ್ಡಿನ ಹೆಲ್ತ್ ಇನ್ಸ್‌ಪೆಕ್ಟರ್ ಬಂದರು. ಅವರು ಕೆಟ್ಟ ಮನುಷ್ಯರೇನಲ್ಲ. ಬೂದಿಯನ್ನು ನೋಡಿದರು, ಆಮೇಲೆ ಪೊರಕೆ ಹಿಡಿದು ನಿಂತಿದ್ದ ಇವರನ್ನು ನೋಡಿದರು.

“ಹಳೇ ಚಾಳಿ ಬಿಡ್ಲಿಲ್ಲ ಅಲ್ವಾ ನೀನು? ಬೆಂಕಿ ಇಟ್ಟು ಬಸ್ ಹತ್ತಿದ್ದೀಯ.”

“ನಾನಲ್ಲ ಸಾರ್.”

“ಮತ್ತೆ ಯಾರು?”

ಅವರು ಉತ್ತರ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿ, “ನೋಡಿ ಮೇಡಂ, ಎಷ್ಟು ಟ್ರೈನಿಂಗ್ ಕೊಟ್ರೂ ಇಷ್ಟೇ” ಎಂದರು. ನಾನು ಕೊಡೆಯ ತುದಿಯ ಬೂದಿಯನ್ನು ಹುಲ್ಲಿಗೆ ಒರೆಸುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆಯನ್ನು ಎಷ್ಟು ಸಲ ಹೇಳಿದ್ದೇನೋ. ಆ ಬೆಳಿಗ್ಗೆ ನಾನು ಹೆಗಲು ಕೂಡ ಮುಟ್ಟಿಕೊಳ್ಳಲಿಲ್ಲ, ಅಷ್ಟು ಜಾಣೆ.

ಅವರಿಗೆ ಮೆಮೊ ಕೊಟ್ಟರು. ಕುಮಾರಸ್ವಾಮಿ ಲೇಔಟಿನಲ್ಲಿ ರಸ್ತೆ ಗುಡಿಸಲು ಹಾಕಿದರು. ಗೂಡುಗಳಿಗೆ ಟಾರ್ಪಾಲು ಹೊದಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಇಷ್ಟು ವರ್ಷ ಎಲೆ ಸುಡದೆ ಕಾಪಾಡಿಕೊಂಡ ಹೆಸರು ಹೋದದ್ದು ಅವರದು.

ಹೇಳಲು ನಾನು ಹನ್ನೊಂದು ದಿನ ತೆಗೆದುಕೊಂಡೆ. ದಿನಕ್ಕೊಂದು ಕಾರಣ ಸಿಗುತ್ತಿತ್ತು. ದೀಪದಿಂದಲೇ ಹತ್ತಿತು ಎಂದು ಏನು ಖಾತ್ರಿ? ಯಾರಾದರೂ ಬೀಡಿ ಎಸೆದಿರಬಹುದು. ಹೇಳಿದರೆ ಕಾರ್ತಿಕದ ದೀಪವನ್ನೇ ನಿಲ್ಲಿಸಿಬಿಟ್ಟಾರು. ಹೀಗೆ. ಒಂದು ಬೆಳಿಗ್ಗೆ ಯಜಮಾನರು ಪೇಪರಿನಿಂದ ತಲೆ ಎತ್ತದೆ ಕೇಳಿದರು. “ನಿನಗೆ ಲೋಕದ್ದೆಲ್ಲ ಬೇಕು. ಅವರು ಈಗ ಯಾವ ರಸ್ತೆ ಗುಡಿಸ್ತಿದ್ದಾರೆ, ವಿಚಾರಿಸಿದ್ಯಾ?” ನಾನು ಯಜಮಾನರಿಗೆ ಏನೂ ಹೇಳಿರಲಿಲ್ಲ. ಆದರೆ ದೇವರ ಮುಂದೆ ಅಮ್ಮನ ದೀಪ ಇಲ್ಲದ್ದು ಅವರಿಗೂ ಕಾಣುತ್ತಿತ್ತು.

ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ದೀಪ ಇಟ್ಟವಳು ನಾನು, ಕಾಯುತ್ತೇನೆ ಎಂದು ಮಾತು ಕೊಟ್ಟು ಹೋದವಳು ನಾನು, ಅವರದೇನೂ ತಪ್ಪಿಲ್ಲ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಜನ ಚಪ್ಪಾಳೆ ತಟ್ಟಿದರು. ಒಬ್ಬರು, ಈ ಕಾಲದಲ್ಲಿ ಇಂಥ ಪ್ರಾಮಾಣಿಕತೆ ಎಲ್ಲಿದೆ ಎಂದರು. ಇನ್ಸ್‌ಪೆಕ್ಟರ್ ತಾವೇ ಎದ್ದು ಬಂದು ನನಗೆ ಕುರ್ಚಿ ಕೊಟ್ಟರು. ನನಗೆ ಯಾರೂ ಮೆಮೊ ಕೊಡಲಿಲ್ಲ. ಟೀ ಕೊಟ್ಟರು, ಬಿಸ್ಕತ್ತು ಕೊಟ್ಟರು.

ಮಾರನೆಯ ದಿನ ಕುಮಾರಸ್ವಾಮಿ ಲೇಔಟಿಗೆ ಹೋದೆ. ಎರಡು ಬಸ್ ಸ್ಟಾಪು ನಡೆದ ಮೇಲೆ ಕಂಡರು. ಬಗ್ಗಿ ಗುಡಿಸುತ್ತಿದ್ದರು. ಎಲ್ಲ ಹೇಳಿದೆ.

“ಗೊತ್ತಿತ್ತು” ಎಂದರು.

“ಹೇಗೆ?”

“ತುಪ್ಪ ಸೀದ ವಾಸ್ನೆ ಇತ್ತು ಮೇಡಂ. ನಾವು ತುಪ್ಪ ಹಾಕಿ ಎಲೆ ಸುಡಲ್ಲ.”

“ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀವು?” ಎಂದೆ. ನೀವು ಎಂಬುದು ಅವತ್ತು ತಾನಾಗಿ ಬಂತು.

ಅವರು ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನು ನೋಡಿದರು. ಎಲೆಯ ರಾಶಿಗೆ ಕೈ ಹಾಕಿ ಜ್ವರ ನೋಡುವಾಗಿನ ಮುಖ. ಆಮೇಲೆ, “ಆ ಕಡೆ ನಿಂತ್ಕೊಳ್ಳಿ, ಧೂಳು” ಎಂದು ಮತ್ತೆ ಬಗ್ಗಿದರು. ಮೆಮೊ ತೆಗೆಸಲು ನಾನೇ ಓಡಾಡುತ್ತೇನೆ ಎಂದಾಗ ಮಾತ್ರ ಒಂದು ಮಾತು ಆಡಿದರು. “ಇಪ್ಪತ್ತು ವರ್ಷ ಸುಟ್ಟೆ, ಒಬ್ರೂ ಬರ್ಕೊಳ್ಳಲಿಲ್ಲ. ಸುಡದೇ ಇದ್ದಾಗ ಬರ್ಕೊಂಡ್ರು. ಇರ್ಲಿ ಬಿಡಿ, ಹಳೇದಕ್ಕೆ ಜಮಾ ಆಗ್ಲಿ.” ಕೋಪವಿತ್ತೋ ತಮಾಷೆಯೋ ನನಗೆ ತಿಳಿಯಲಿಲ್ಲ.

ತಿಂಗಳೊಳಗೆ ಅವರನ್ನು ಪಾರ್ಕಿಗೆ ವಾಪಸು ಹಾಕಿದರು. ಗೂಡುಗಳನ್ನು ಹೊಸದಾಗಿ ಕಟ್ಟಿದರು. ಕಾರ್ತಿಕದ ದೀಪಕ್ಕೆ ಪಾರ್ಕಿನ ಮುಂಭಾಗದಲ್ಲಿ ಕಲ್ಲುಚಪ್ಪಡಿ ಹಾಕಿಸಿದರು. ಅಂದಿನಿಂದ ಪ್ರತಿ ಸೋಮವಾರ ಕೊನೆಯ ದೀಪ ಆರುವವರೆಗೆ ಕೂರುವವಳು ನಾನು. ಅವರು ಬಸ್ಸಿಗೆ ಹೊರಟವರು ಗೇಟಿನಲ್ಲಿ ಒಮ್ಮೆ ತಿರುಗಿ ನೋಡುತ್ತಿದ್ದರು. ನಾನು ಕೂತಿದ್ದೇನೆ ಎಂದು ಖಾತ್ರಿಯಾದ ಮೇಲೆಯೇ ಹೋಗುತ್ತಿದ್ದರು.

ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಎರಡು ಮೂರು ಸಲ ಕೇಳಿದೆ. “ಹಲಸಿನ ಎಲೆ ಮೇಡಂ ಅದು, ಟೈಮ್ ಬೇಕು” ಎಂದು ಹಾರಿಸಿದರು. ಕೊನೆಗೆ ನಾನೇ ಒಂದು ಉತ್ತರ ಕಟ್ಟಿಕೊಂಡೆ. ದೊಡ್ಡ ಮನಸ್ಸು, ಬುದ್ಧನ ಕ್ಷಮೆ, ಹೆಂಗಸರ ಪೂಜೆಗೆ ಅಡ್ಡಿಯಾಗಬಾರದೆಂಬ ಸೌಜನ್ಯ. ಸಿಕ್ಕವರಿಗೆಲ್ಲ ಹೇಳಿದೆ, ಒಂದು ಭಾಷಣದಲ್ಲೂ ಹೇಳಿದೆ. ಕೇಳಿದವರು ಕಣ್ಣೊರೆಸಿಕೊಂಡರು. ಈ ಬರಹವನ್ನೂ ಅಲ್ಲಿಗೇ ಮುಗಿಸುವುದೆಂದಿದ್ದೆ.

ನಿನ್ನೆ ಕುಂಡಗಳಿಗೆ ಗೊಬ್ಬರ ಹಾಕೋಣವೆಂದು ಚೀಲದ ಗಂಟಿಗೆ ಕೈ ಹಾಕಿದೆ. ನಾಲ್ಕನೆಯ ಸಲಕ್ಕೆ ಸರಿಯಾದ ತುದಿ ಸಿಕ್ಕಿತು. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ವಾಸನೆಯ ಗೊಬ್ಬರ. ಒಂದು ಚೂರು ಪ್ಲಾಸ್ಟಿಕ್ ಇಲ್ಲ. ಅರ್ಧ ಚೀಲ ಇಳಿದ ಮೇಲೆ ಕೈಗೆ ಬಟ್ಟೆಯ ಗಂಟು ತಾಗಿತು. ಬಿಚ್ಚಿದರೆ ಅಮ್ಮನ ದೀಪ. ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಒಂದು ಪಕ್ಕದ ಕಪ್ಪು ಮಾತ್ರ ಹೋಗಿರಲಿಲ್ಲ. ಬುಡದಲ್ಲಿ ಅಮ್ಮನ ಹೆಸರು ಸ್ಪಷ್ಟವಾಗಿತ್ತು.

ಮಾಲಿಯಿಂದ ನಂಬರು ತೆಗೆದುಕೊಂಡು ಫೋನು ಮಾಡಿದೆ. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

“ಸಿಕ್ತಾ ಮೇಡಂ?” ಎಂದರು.

“ಯಾವಾಗ ಸಿಕ್ಕಿತ್ತು ಇದು ನಿಮಗೆ?”

“ಅವತ್ತೇ. ನೀವು ಕೊಡೆ ಹಿಡ್ಕೊಂಡು ಬರೋಕ್ ಮುಂಚೆ.”

“ಅವತ್ತೇ ಇನ್ಸ್‌ಪೆಕ್ಟರಿಗೆ ತೋರಿಸಿದ್ದರೆ ಮುಗೀತಿತ್ತಲ್ಲ. ಹೆಸರೇ ಇದೆ ಇದರ ಮೇಲೆ.”

ಕುಕ್ಕರನ್ನು ಇಳಿಸಿದ ಸದ್ದಾಯಿತು.

“ನನ್ ಕೈಯಲ್ಲಿ ನಿಮ್ಮನೆ ಹಿತ್ತಾಳೆ ದೀಪ ನೋಡಿದ್ರೆ ಅವ್ರು ಏನ್ ಕೇಳ್ತಿದ್ರು ಮೇಡಂ? ಸುಟ್ಟಿದ್ರ ಜೊತೆಗೆ ಕದ್ದಿದ್ದೂ ಸೇರ್ಕೋತಿತ್ತು.”

ಅವರೇ ಮುಂದುವರಿಸಿದರು. “ನೀವ್ ಒಪ್ಕೊಂಡ್ಮೇಲೆ ಕೊಡೋಣ ಅಂತಿದ್ದೆ. ಇಷ್ಟ್ ದಿನ ಯಾಕ್ ಇಟ್ಕೊಂಡಿದ್ದೆ ಅಂತ ಯಾರಾದ್ರೂ ಕೇಳಿದ್ರೆ? ಬಿಸಾಕೋಣ ಅಂದ್ರೆ ಅಮ್ಮನ ಹೆಸ್ರಿದೆ. ಟ್ರಂಕಿನ ತಳದಲ್ಲಿಟ್ಟು, ಮನೆಗೆ ಯಾರಾದ್ರೂ ಬಂದ್ರೆ ಅದ್ರ ಮೇಲೆ ಕೂತ್ಕೋತಿದ್ದೆ. ಈಗ ಪಿಂಚಣಿ ಆರ್ಡರ್ ಕೈಗೆ ಬಂತು. ಇನ್ನು ಯಾರೂ ಏನೂ ಮಾಡಕಾಗಲ್ಲ.”

ಅವರು ಪಾರ್ಕಿಗೆ ವಾಪಸು ಬಂದ ಮೇಲೂ ಎಷ್ಟೋ ಬೆಳಿಗ್ಗೆ ಅವರ ಜೊತೆ ನಿಂತು ಎಲೆಯ ಜ್ವರ ಅಳೆದಿದ್ದೆ. ಅಷ್ಟೂ ದಿನ ಅವರು ನನಗೆ ಹೆದರಿಕೊಂಡಿದ್ದರು. ನಾನು ಅದನ್ನು ಕ್ಷಮೆ ಎಂದು ಊರಿಗೆಲ್ಲ ಹಂಚಿದ್ದೆ. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ.

“ಗೊಬ್ರ ಹಾಕಿದ್ರಾ?” ಎಂದು ಅವರು ಕೇಳಿದರು. “ಬುಡಕ್ಕೆ ಅಂಟಿಸ್ಬೇಡಿ ಮೇಡಂ. ನಾಲ್ಕು ಬೆರಳು ದೂರ ಹಾಕಿ. ತೀರಾ ಹತ್ರ ಹಾಕಿದ್ರೆ ಗಿಡಕ್ಕೆ ಉಸಿರು ಕಟ್ಟತ್ತೆ.”